ತೊಟ್ಟಿಯಲ್ಲಿ ಹತ್ತು ಲೋಳೆಮೀನು

"ಹದಿಮೂರು ಇಂಚು! ಇದೂ ಪಾಸ್!" ಎಂದು ಚಿನಕುರುಳಿ ಕೂಗಿದಳು.

ಕಟ್ಟೆಯ ಮೇಲಿದ್ದ ದೋಣಿಯವರೆಲ್ಲ ಹೋ ಎಂದರು. ಬಾಯಿ ಬಿಟ್ಟರೆ ಪಟಪಟ ಸಿಡಿಯುವ ಈ ಐದನೇ ಕ್ಲಾಸಿನ ಹುಡುಗಿಗೆ ಆ ಹೆಸರಿಟ್ಟವಳು ಅವಳ ಅಜ್ಜಿ.

ಲೋಳೆಮೀನು ಅಂದರೆ ಜೆಲ್ಲಿಫಿಶ್. ಕೊಡೆಯ ಹಾಗೆ ಬಿಚ್ಚಿ ಮುಚ್ಚಿ ಈಜುತ್ತದೆ. ಉಪ್ಪು, ಪಟಿಕ ಹಾಕಿ ಒಣಗಿಸಿದರೆ ಕುರುಕುರು ಅಂತ ತಿನ್ನುವವರೂ ಇದ್ದಾರೆ! ಆದರೆ ಮನಸ್ಸು ಬಂದಾಗ ಹಿಡಿಯುವಂತಿಲ್ಲ. ಮೊದಲು ಹತ್ತನ್ನು ತಂದು ಅಳೆಯಬೇಕು. ಏಳಾದರೂ ಹನ್ನೆರಡು ಇಂಚು ಅಗಲ ಇರಬೇಕು. ಅಷ್ಟು ಬೆಳೆದವು ಮೊಟ್ಟೆ ಬಿಟ್ಟಿರುತ್ತವೆ, ಬರುವ ವರ್ಷವೂ ಲೋಳೆಮೀನು ಸಿಗುತ್ತದೆ. ಇದು ದೋಣಿಯವರು ತಾವೇ ಮಾಡಿಕೊಂಡ ನಿಯಮ.

ಪ್ರತಿ ವರ್ಷ ಅಳೆಯುತ್ತಿದ್ದವಳು ಅಜ್ಜಿ. ಈ ಸಲ ಅವಳಿಗೆ ಕಣ್ಣಿನ ಆಪರೇಷನ್ ಆಗಿತ್ತು. ಹಾಗಾಗಿ ಸ್ಕೇಲು, ಗ್ಲೌಸು ಮೊಮ್ಮಗಳ ಕೈಗೆ ಬಂದಿದ್ದವು.

ಹತ್ತರಲ್ಲಿ ಎಂಟು ಪಾಸ್! ತಿಂಗಳಿಂದ ಬಲೆಗೆ ಮೀನೇ ಬೀಳದೆ ಸಪ್ಪಗಿದ್ದ ಅಪ್ಪ ಅವಳನ್ನು ಎತ್ತಿ ಗಿರ್ರನೆ ತಿರುಗಿಸಿದ. "ನಾಳೆ ಬೆಳಿಗ್ಗೇನೇ ಹೊರಡೋಣ!"

ಚಿನಕುರುಳಿ ಮನೆಗೆ ಓಡಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು.

"ತೊಟ್ಟಿಯಲ್ಲೇ ಅಳೆದೆ ತಾನೇ?" ಅಜ್ಜಿ ಕೇಳಿದಳು.

"ಇಲ್ಲಜ್ಜಿ. ನೀರಲ್ಲಿ ನುಣುಚಿಕೊಳ್ಳುತ್ತೆ. ಹಲಗೆ ಮೇಲಿಟ್ಟು ಅಳೆದು, ವಾಪಸ್ ತೊಟ್ಟಿಗೆ ಬಿಟ್ಟೆ."

ಅಜ್ಜಿ ನಿಟ್ಟುಸಿರಿಟ್ಟಳು. "ಅದಕ್ಕೆ ಮೂಳೆ ಎಲ್ಲಿದೆ ಮಗಾ? ನೀರಿಂದ ತೆಗೆದರೆ ನೀರು ಜಾಸ್ತಿಯಾದ ಹಿಟ್ಟಿನ ಥರ ಹರಡುತ್ತೆ. ಚಿಕ್ಕದೂ ದೊಡ್ಡದಾಗಿ ಕಾಣುತ್ತೆ. ನಾನು ಮೊದಲೇ ಹೇಳಬೇಕಿತ್ತು. ತಪ್ಪು ನಂದೂ ಇದೆ."

ಚಿನಕುರುಳಿಗೆ ಅಳು ಒತ್ತರಿಸಿ ಬಂತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ನಾಳೆ ಮರಿಗಳೆಲ್ಲ ಬಲೆಗೆ ಬೀಳುತ್ತವೆ. ಅವಳು ಚಪ್ಪಲಿಯನ್ನೂ ಹಾಕದೆ ಕಟ್ಟೆಗೆ ಓಡಿದಳು.

"ಅಪ್ಪಾ, ನಾನು ತಪ್ಪಾಗಿ ಅಳೆದೆ."

ಬಲೆ ಮಡಚುತ್ತಿದ್ದ ಅಪ್ಪನ ಕೈ ನಿಂತಿತು. ತೊಟ್ಟಿಯ ನೀರಿನಲ್ಲೇ ಮತ್ತೆ ಅಳೆದರು. ಹತ್ತರಲ್ಲಿ ಮೂರೇ ಪಾಸ್.

"ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ!" ಗುಡುಗಣ್ಣ ಗುಡುಗಿದ. ಪಕ್ಕದ ದೋಣಿಯವನು ಅವನು, ಪಿಸುಗುಟ್ಟಿದರೂ ಊರಿಗೆಲ್ಲ ಕೇಳಿಸುತ್ತದೆ. "ಮಕ್ಕಳ ಕೈಗೆ ಕೊಟ್ಟರೆ ಇಷ್ಟೇ."

ಅಪ್ಪ ಹತ್ತನ್ನೂ ಒಂದೊಂದಾಗಿ ಕಡಲಿಗೆ ಬಿಟ್ಟ. ಆಮೇಲೆ ಅವಳ ತಲೆ ಸವರಿದ. "ಬಲೆ ಹಾಕಿದ ಮೇಲೆ ಹೇಳಿದ್ದರೆ ಏನು ಮಾಡೋಕಾಗ್ತಿತ್ತು? ಇವತ್ತೇ ಬಂದು ಹೇಳಿದೆಯಲ್ಲ, ಪುಣ್ಯ."

ಬೈಗುಳಕ್ಕೆ ತಯಾರಾಗಿದ್ದ ಚಿನಕುರುಳಿಗೆ ಅಪ್ಪನ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಆಗ ನಿಜವಾಗಿ ಅತ್ತೇಬಿಟ್ಟಳು.

ಲೋಳೆಮೀನು ಬೆಳೆಯಲಿ ಎಂದು ಕಾದ ಎರಡು ವಾರ ಕಷ್ಟದಲ್ಲೇ ಕಳೆಯಿತು. ಅಪ್ಪ ಬೇರೆಯವರ ದೋಣಿಗಳಿಗೆ ಬಣ್ಣ ಬಳಿಯಲು ಹೋದ. ಹದಿನೈದನೇ ದಿನ ಮತ್ತೆ ಹತ್ತು ಲೋಳೆಮೀನು ಬಂದವು. ಚಿನಕುರುಳಿ ಅಜ್ಜಿಯ ಬೆನ್ನ ಹಿಂದೆ ಅಡಗಿದಳು.

"ಎಲ್ಲಿ ನಮ್ಮ ಅಳತೆ ಮೇಡಂ?" ಗುಡುಗಣ್ಣನ ದನಿ. ಸ್ಕೇಲು ಅವನ ಕೈಯಲ್ಲೇ ಇತ್ತು. "ಬಾರವ್ವಾ. ತಪ್ಪನ್ನು ಓಡಿ ಬಂದು ಹೇಳಿದವಳು ನೀನು. ನಿನ್ನ ಲೆಕ್ಕವನ್ನೇ ನಂಬೋದು ನಾನು."

ನೀರು ಅಲುಗದಂತೆ ಅವನೇ ತೊಟ್ಟಿಯನ್ನು ಹಿಡಿದುಕೊಂಡ. ಅಜ್ಜಿ ಹೊಸ ಕನ್ನಡಕದಲ್ಲಿ ಬಗ್ಗಿ ನೋಡಿದಳು.

ಚಿನಕುರುಳಿ ಸ್ಕೇಲನ್ನು ನೀರಿಗಿಳಿಸಿದಳು. ಲೋಳೆಮೀನು ಮುದುಡಿಕೊಂಡಿತು.

ಅದು ತಾನಾಗಿ ಪೂರ್ತಿ ಬಿಚ್ಚಿಕೊಳ್ಳಲಿ ಎಂದು ಪಟಪಟ ಹುಡುಗಿ ತುಟಿ ಪಿಟಕ್ಕೆನ್ನದೆ ಕಾದಳು.