ಸೂಜಿ ಪೋಣಿಸದ ಹೆಣ್ಣು

“ಪೆನ್ಸಿಲ್ ಎಷ್ಟು ಕಾಣಾಕತ್ತಾವ?”

“ಎರಡು...” ಎಂದು ಶಿವಬಸವ್ವ ಅಳುಕಿದಳು. ಈಗ ಈತನೂ ನಗುತ್ತಾನೆ!

ಆತ ನಗಲಿಲ್ಲ. ಅವಳ ಕಣ್ಣೊಳಗೇ ನೋಡುತ್ತಿದ್ದ. ಪರಗಂಡಸು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು... ಎದೆ ಝಲ್ಲೆಂದಿತು!

ಅದು ಸಾವಿರದ ಒಂಬೈನೂರ ಅರವತ್ತೆರಡನೆಯ ಇಸವಿ. ಹುಬ್ಬಳ್ಳಿಯ ಕಣ್ಣಿನ ವೈದ್ಯರ ಹತ್ತಿರ ಕೆಲಸ ಕಲಿತ ಮೈಲಾರಲಿಂಗಪ್ಪ ವಾರಕ್ಕೊಮ್ಮೆ ಹಾನಗಲ್ಲಿನ ದವಾಖಾನೆಗೆ ಬಂದು ಕಣ್ಣಿನ ವ್ಯಾಯಾಮ ಹೇಳಿಕೊಡುತ್ತಿದ್ದ. ತಾಯಿಯಿಲ್ಲದ ಶಿವಬಸವ್ವನನ್ನು ಅಲ್ಲಿಗೆ ಕರೆತಂದವಳು ನೆರೆಮನೆಯ ಹುಸೇನಬಿ.

“ದಡ್ಡಿ ಅಂತ ಸಾಲಿ ಬಿಡಿಸಿದ್ರು ಸಾಹೇಬ್ರ. ಹೆಣ್ಣು ನೋಡಾಕ ಬಂದ ಎರಡು ಮನಿಯವ್ರೂ ಸೂಜಿ ಪೋಣಿಸು ಅಂದ್ರು. ದಾರ ಒಳಗ ಹೋಗಲಿಲ್ಲ, ಅವ್ರು ಹೊರಗ ಹೋದ್ರು!”

“ದಡ್ಡಿ ಅಲ್ರಿ,” ಎಂದ ಮೈಲಾರಲಿಂಗಪ್ಪ. “ಎರಡೂ ಕಣ್ಣು ಗಟ್ಟಿ ಅದಾವ. ಆದ್ರ ಒಂದು ಏರಿಗಿ ಎಳದ್ರ ಇನ್ನೊಂದು ನೀರಿಗಿ ಎಳಿತೈತಿ. ಕೂಡಿ ನಡಿಯೂದು ಕಲಿಸಬೇಕು, ಅಷ್ಟ.”

ಇಪ್ಪತ್ತು ವರ್ಷದಲ್ಲಿ ಅವಳನ್ನು ದಡ್ಡಿ ಅಲ್ಲ ಎಂದವನು ಆತನೊಬ್ಬನೇ.

ದಿನವೂ ಪೆನ್ಸಿಲ್ಲಿನ ತುದಿಯನ್ನು ದೂರದಿಂದ ಮೂಗಿನವರೆಗೆ ತರಬೇಕು, ಅದು ಎರಡಾಗದಂತೆ ದಿಟ್ಟಿಸಿ ಹಿಡಿಯಬೇಕು. ತಲೆ ಸಿಡಿಯುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆದರೂ ಐದು ತಿಂಗಳು ಬಿಡಲಿಲ್ಲ. ಒಂದು ದಿನ ದವಾಖಾನೆಯ ಗೋಡೆಯ ಮೇಲಿನ ಅಕ್ಷರಗಳು ಅಲುಗದೆ ನಿಂತವು! ಒಂದೊಂದೇ ಕೂಡಿಸಿ ಓದಿದಳು. ಹುಸೇನಬಿ ಅತ್ತೇ ಬಿಟ್ಟಳು.

ಮೈಲಾರಲಿಂಗಪ್ಪ ಮಾತ್ರ ಅವಳ ಚೀಟಿ ಮಡಚಿ, “ಇನ್ನ ಬರೂದು ಬ್ಯಾಡ್ರಿ,” ಎಂದ.

ಅಷ್ಟೇನಾ? ಆತ ನೋಡಿದ್ದು ಬರೀ ಕಣ್ಣನ್ನೇ, ನನ್ನನ್ನಲ್ಲ...

ಹದಿನೈದು ದಿನಕ್ಕೆ ಅಪ್ಪ ಕರಿಬಸಪ್ಪ, “ಸವಣೂರಿನವ್ರು ನಿನ್ನ ನೋಡಾಕ ಬರ್ತಾರ,” ಎಂದ. ವರನ ಹೆಸರು ಕೇಳುವ ರೂಢಿ ಹೆಣ್ಣಿಗಿರಲಿಲ್ಲ. ಮುಖವೆತ್ತಿ ನೋಡುವ ರೂಢಿಯಂತೂ ಇಲ್ಲವೇ ಇಲ್ಲ. ಹಾಗಾಗಿ ಆ ದಿನ ಜಮಖಾನದ ಮೇಲೆ ಕುಳಿತ ಶಿವಬಸವ್ವನಿಗೆ ಕಂಡದ್ದು ತನ್ನ ಕೈ, ಮತ್ತು ವರನ ತಾಯಿ ಸುಶೀಲವ್ವ ಆ ಕೈಗೆ ಕೊಟ್ಟ ಸೂಜಿ.

“ಪೋಣಿಸವ್ವ.”

ಸೂಜಿಯ ಕಣ್ಣು ಸ್ವಚ್ಛವಾಗಿ ಕಂಡಿತು. ಒಂದೇ ಒಂದು! ಪೋಣಿಸಿದರೆ ಯಾರದೋ ಮನೆ ಸೇರಬೇಕು... ಬೇಕೆಂದೇ ದಾರವನ್ನು ಪಕ್ಕಕ್ಕೆ ಸರಿಸಿದಳು. ಒಮ್ಮೆ, ಮತ್ತೊಮ್ಮೆ.

“ಕಾಣಂಗಿಲ್ರಿ ನನಗ.”

ಕರಿಬಸಪ್ಪನ ಮುಖ ಕಪ್ಪಿಟ್ಟಿತು. ಸುಶೀಲವ್ವ ಮಗನತ್ತ ತಿರುಗಿದಳು. “ಯಾಕೋ ತಮ್ಮಾ, ಆರಾಮ ಆಗೈತಿ ಅಂದಿದ್ದೆಲ್ಲ?”

“ಸುಳ್ಳ ಹೇಳಾಕತ್ತಾಳವ್ವ. ಆ ಕಣ್ಣು ನನಗ ಗೊತ್ತದಾವ.”

ಆ ಧ್ವನಿ! ರೂಢಿ ಮರೆತು ತಲೆಯೆತ್ತಿದಳು. ಮೈಲಾರಲಿಂಗಪ್ಪ! ಮುಖ ಬಾಡಿಹೋಗಿತ್ತು.

“ಮನಸ್ಸಿಲ್ಲಂದ್ರ ಇಲ್ಲ ಅನ್ರಿ. ಕಾಣಂಗಿಲ್ಲ ಅನಬ್ಯಾಡ್ರಿ... ಎಷ್ಟು ಕಷ್ಟಪಟ್ಟು ಗಳಿಸೀರಿ ಅದನ್ನ!”

“ಬರೂದು ಬ್ಯಾಡ ಅಂದವ್ರು ನೀವ!”

“ದವಾಖಾನಿಗಿ ಬರೂದು ಬ್ಯಾಡ ಅಂದೆ. ಅಲ್ಲೇ ಮದುವಿ ಮಾತು ಕೇಳಿದ್ರ ಮಂದಿ ನಿಮಗ ಕೆಟ್ಟ ಹೆಸರಿಡತಿದ್ರು. ಅದಕ್ಕ ಅವ್ವನ್ನ ಕರ್ಕೊಂಡ ಬಂದೇನಿ.”

ಶಿವಬಸವ್ವ ಕೈಯಲ್ಲಿದ್ದ ಸೂಜಿಯತ್ತ ನೋಡಿದಳು. “ಯಾರೋ ಬಂದಾರ ಅನ್ಕೊಂಡೆ. ಅದಕ್ಕ... ಕಾಣಂಗಿಲ್ಲ ಅಂದೆ.”

ಸುಶೀಲವ್ವ ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಬೀಗ್ರ, ಸಕ್ಕರಿ ತರಸ್ರಿ!”

ಹಿರಿಯರು ಸಕ್ಕರೆಯ ಗಡಿಬಿಡಿಯಲ್ಲಿದ್ದಾಗ ಆತ ಮೆಲ್ಲಗೆ ಕೇಳಿದ, “ನಮ್ಮ ಮನಿಗೆ ಬರ್ತೀರೇನು?”

“ಬರ್ತೇನಿ. ಆದ್ರ ನನಗ ಓದೂದು ಪೂರಾ ಕಲಿಸಬೇಕು.”

“ಎಷ್ಟು ದಿನದಾಗ?”

“ಅವಸರ ಏನೈತ್ರಿ?” ಈ ಸಲ ಅವಳೇ ಆತನ ಕಣ್ಣೊಳಗೆ ನೋಡಿದಳು. “ನಾ ಇನ್ನ ಎಲ್ಲಿಗೂ ಹೋಗಂಗಿಲ್ಲ...”