ಕತ್ತರಿ ಹಾಕದ ಚೂಪು

"ಅಜ್ಜೀ, ಕತ್ತರಿ ಎಲ್ಲಿ?"

ಯಾನ್‌ಚೂ ಸ್ಕೂಲ್ ಬ್ಯಾಗನ್ನೂ ಇಳಿಸದೆ ಕೇಳಿದಳು. ಅವಳ ಕೈಯಲ್ಲಿ ಅಕ್ಷರ ಬರೆಯುವ ತನ್ನ ಹಳೇ ಕುಂಚ ಇತ್ತು. ಬರೆದೂ ಬರೆದೂ ಅದರ ಕೂದಲು ಪೊರಕೆಯ ಹಾಗೆ ಕೆದರಿಹೋಗಿತ್ತು.

ಅಜ್ಜಿ ತಲೆ ಎತ್ತಲಿಲ್ಲ. ಅವರ ಎರಡೂ ಕೈ ಬೋಗುಣಿಯ ನೀರಿನಲ್ಲಿದ್ದವು. ಚೀನಾದ ಶಾನ್‌ಲಿಯಾನ್ ಊರಿನ ಕುಂಚದ ಕಾರ್ಖಾನೆಯಲ್ಲಿ ಅವರ ಕೆಲಸವೇ ಅದು. ಮೇಕೆಯ ಕೂದಲನ್ನು ನೀರಿನಲ್ಲಿ ನೆನೆಸಿ, ಮೂಳೆಯ ಬಾಚಣಿಗೆಯಿಂದ ಬಾಚಿ, ಒಳ್ಳೆಯದನ್ನು ಆರಿಸಿ ಜೋಡಿಸುವುದು.

"ಕತ್ತರಿ ಯಾಕೆ?"

"ಇದರ ತುದೀನ ಚೂಪಾಗಿ ಕತ್ತರಿಸ್ಬೇಕು. ನಾಳೆ ಕ್ಲಾಸಲ್ಲಿ ತೋರಿಸೋಕೆ."

"ಅಯ್ಯಯ್ಯೋ!" ಪಕ್ಕದ ಸ್ಟೂಲಿನಲ್ಲಿದ್ದ ಗುಯಿ ಅತ್ತೆಯ ಕೈಯಿಂದ ಬಾಚಣಿಗೆ ಜಾರಿ ನೀರಿಗೆ ಬಿತ್ತು. "ಕುಂಚದ ತುದಿಗೆ ಕತ್ತರಿಯಾ? ಇವಳು ನಿಜವಾಗ್ಲೂ ನಿನ್ನ ಮೊಮ್ಮಗಳೇನಾ?"

ಯಾನ್‌ಚೂ ಅಳುಮುಖ ಮಾಡಿಕೊಂಡು ಸ್ಟೂಲ್ ಎಳೆದು ಕೂತಳು. ಬೆಳಗ್ಗೆ ಆದದ್ದನ್ನೆಲ್ಲ ಹೇಳಿದಳು.

ಇಂಗ್ಲಿಷ್ ಪಾಠದಲ್ಲಿ ಮೂರು ಹೊಸ ಪದ ಬಂದಿದ್ದವು. ಟೇಪರ್, ಡ್ವಿಂಡಲ್, ವೇನ್. ಫೋನಿನ ಡಿಕ್ಷನರಿಯಲ್ಲಿ ನೋಡಿದರೆ ಮೂರಕ್ಕೂ ಒಂದೇ ಚೀನೀ ಅರ್ಥ: ಮೆಲ್ಲಮೆಲ್ಲಗೆ ಕಡಿಮೆಯಾಗುವುದು. ಮೂರೂ ಒಂದೇ ಅಂದಮೇಲೆ ಯಾವುದಾದರೇನು? ಯಾನ್‌ಚೂ ಎದ್ದು ನಿಂತು ಜೋರಾಗಿ ಓದಿಯೇಬಿಟ್ಟಳು: "ಈ ವರ್ಷ ನಮ್ಮ ಕ್ಲಾಸಿನ ಮಕ್ಕಳು ಟೇಪರ್ ಆದರು."

ಮೂವರು ಪಟ್ಟಣದ ಸ್ಕೂಲಿಗೆ ಸೇರಿ, ಕ್ಲಾಸಿನಲ್ಲಿ ಮಕ್ಕಳು ಕಡಿಮೆಯಾಗಿದ್ದರು. ಅವಳು ಹೇಳಹೊರಟಿದ್ದು ಅಷ್ಟೇ.

ಫಾಂಗ್ ಮಿಸ್ ತುಟಿ ಕಚ್ಚಿ ನಗು ತಡೆದರು. "ನೀನು ಹೇಳಿದ್ದು ಕೇಳಿದ್ರೆ, ಮಕ್ಕಳೆಲ್ಲ ಬುಡದಲ್ಲಿ ದಪ್ಪ, ತುದೀಲಿ ಸಣ್ಣ ಆಗ್ಬಿಟ್ರು ಅನ್ಸತ್ತೆ ಕಣಮ್ಮ!"

ಅಷ್ಟು ಸಾಕಾಗಿತ್ತು ಅದೇ ಕ್ಲಾಸಿನ ಕೈವೆನ್‌ಗೆ. ಬೋರ್ಡಿಗೆ ಓಡಿ ಮೂಲಂಗಿಯಂಥ ತಲೆಯ ಹುಡುಗಿಯ ಚಿತ್ರ ಬರೆದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಸಂಜೆಯ ಹೊತ್ತಿಗೆ ಯಾನ್‌ಚೂ ಹೆಸರೇ ಮೂಲಂಗಿ ಆಗಿಹೋಗಿತ್ತು.

"ಅಷ್ಟೇ ಆಗಿದ್ರೆ ಪರವಾಗಿರ್ಲಿಲ್ಲ ಅಜ್ಜಿ. ಇಂಗ್ಲಿಷ್ ಸ್ಪರ್ಧೆಯ ಟೀಮಲ್ಲಿ ಒಂದೇ ಜಾಗ ಉಳಿದಿದೆ. ಏನಾದ್ರೂ ಒಂದು ವಸ್ತು ತಂದು, ಟೇಪರ್ ಅಂದ್ರೇನು ಅಂತ ನಾಳೆ ತೋರಿಸು ಅಂದಿದ್ದಾರೆ ಮಿಸ್. ತೋರಿಸದಿದ್ರೆ ಆ ಜಾಗ ಕೈವೆನ್‌ಗೆ!"

"ಪೇಪರ್ರಾ?" ಅಂದರು ಗುಯಿ ಅತ್ತೆ.

"ಟೇಪರ್, ಅತ್ತೆ! ಟೇ-ಪರ್!"

ಅಜ್ಜಿಗೆ ಇಂಗ್ಲಿಷಿನ ಒಂದಕ್ಷರವೂ ಬರದು. ಅವರು ಕೈ ಒರೆಸಿಕೊಂಡರು. ತಟ್ಟೆಯಿಂದ ಒಂದು ಹೊಸ ಕುಂಚ ತೆಗೆದು ನೀರಿನಲ್ಲಿ ಅದ್ದಿದರು. ಬಿಳಿ ಕೂದಲೆಲ್ಲ ನೀರಿನೊಳಗೆ ಹರಡಿಕೊಂಡು ತೂಗಾಡಿದವು. ಎಷ್ಟು ಕೂದಲು! ಎಣಿಸಲು ಹೋದರೆ ಊಟದ ಹೊತ್ತು ಮೀರಿಹೋಗುತ್ತದೆ.

"ಈಗ ನೋಡು" ಅಂದರು ಅಜ್ಜಿ.

ನಿಧಾನವಾಗಿ ಮೇಲೆತ್ತಿದರು. ಹರಡಿದ್ದ ಕೂದಲೆಲ್ಲ ಒಟ್ಟಿಗೆ ಬಂದವು. ಬುಡದಲ್ಲಿ ಬೆರಳಿನಷ್ಟು ದಪ್ಪ, ಮುಂದೆ ಸಣ್ಣ, ಇನ್ನೂ ಸಣ್ಣ, ಕೊನೆಗೆ ತುದಿಯಲ್ಲಿ ಒಂದೇ ಒಂದು ಕೂದಲಿನಷ್ಟು. ಕಿಟಕಿಯ ಬೆಳಕು ಆ ತುದಿಯೊಳಗಿಂದ ಹಾದು ಬರುತ್ತಿತ್ತು. ಯಾನ್‌ಚೂ ಮುಂದಕ್ಕೆ ಬಾಗಿದಳು. ಕುಂಚದ ಊರಿನಲ್ಲೇ ಹುಟ್ಟಿದ ಹುಡುಗಿ, ದಿನಾ ನೋಡುವ ವಸ್ತು. ಆದರೂ ಇವತ್ತೇ ಕಣ್ಣು ಬಿಟ್ಟ ಹಾಗೆ ನೋಡಿದಳು.

"ಒಂದು ಕೂದಲೂ ಕಡಿಮೆ ಆಗಿಲ್ಲ" ಅಂದರು ಅಜ್ಜಿ. "ಒಂದೊಂದರ ತುದೀನೂ ತಾನಾಗೇ ಸಣ್ಣ ಇರತ್ತೆ. ತುದಿಗೆ ತುದಿ ಹೊಂದಿಸಿ ಕಟ್ಟಿದ್ರೆ ಎಲ್ಲಾ ಸೇರಿ ಹೀಗಾಗ್ತವೆ. ಕತ್ತರಿ ಹಾಕಿದ್ರೆ ಬರೀ ಮೊಂಡು."

ಆಮೇಲೆ ಅದೇ ಒದ್ದೆ ಕುಂಚದಿಂದ ಮೇಜಿನ ಮೇಲೆ ಒಂದೇ ಅಕ್ಷರದ ಒಂದು ಚೀನೀ ಪದ ಬರೆದರು. "ಇದೇನು?"

"ಚೂಪು. ಚಿಕ್ಕ ಕ್ಲಾಸಲ್ಲೇ ಕಲಿತಿದ್ದೀನಲ್ಲ!"

"ಬಿಡಿಸಿ ಓದು."

"ಮೇಲೆ ಚಿಕ್ಕದು, ಕೆಳಗೆ ದೊಡ್ಡದು..."

ಯಾನ್‌ಚೂ ಮಾತು ಅಲ್ಲೇ ನಿಂತಿತು. ದೊಡ್ಡದು ಅನ್ನುವ ಅಕ್ಷರದ ನೆತ್ತಿಯ ಮೇಲೆ ಚಿಕ್ಕದು ಅನ್ನುವ ಅಕ್ಷರ! ಅವಳು ಅದನ್ನು ಸಾವಿರ ಸಲವಾದರೂ ಬರೆದಿದ್ದಳು. ಒಂದು ಸಲವೂ ನೋಡಿರಲಿಲ್ಲ. ಯಾವುದೋ ದೂರದ ದೇಶದ ಪದ ಇಷ್ಟು ವರ್ಷ ತನ್ನ ಕಾಪಿಬುಕ್ಕಿನಲ್ಲೇ ಕೂತಿತ್ತಲ್ಲ ಎಂದು ಅವಳಿಗೆ ಮೈ ಜುಮ್ಮೆಂದಿತು.

"ಮತ್ತೆ ಜನ ಕಡಿಮೆ ಆಗೋದಕ್ಕೆ ಏನಂತಾರೆ?" ಗುಯಿ ಅತ್ತೆ ಕೇಳಿದರು.

"ಅದು ಡ್ವಿಂಡಲ್."

"ಅದಕ್ಕೆ ವಸ್ತು ಹುಡುಕೋದೇ ಬೇಡ ಬಿಡು." ಅತ್ತೆ ಗದ್ದದಿಂದಲೇ ಗೋಡೆಯ ಕಡೆ ತೋರಿಸಿ ನಕ್ಕರು. "ನಾನು ಬಂದಾಗ ಇಲ್ಲಿ ನಲವತ್ತು ಜನ ಇದ್ವಿ. ಈಗ ಎಣಿಸು."

ಎಣಿಸಲು ಏನಿದೆ? ನಾಲ್ಕೇ ಜನ. ಉಳಿದ ಬೋಗುಣಿಗಳೆಲ್ಲ ಗೋಡೆಯ ಪಕ್ಕ ಬೋರಲಾಗಿದ್ದವು. ಚಿಕ್ಕವಳಿದ್ದಾಗ ಯಾನ್‌ಚೂ ಅವುಗಳ ಹಿಂದೆ ಕಣ್ಣಾಮುಚ್ಚಾಲೆ ಆಡಿದ್ದಳು. ಒಂದೊಂದು ಬೋಗುಣಿಗೂ ಒಬ್ಬೊಬ್ಬರು ಇದ್ದರು ಎಂದು ಯೋಚಿಸಿಯೇ ಇರಲಿಲ್ಲ.

"ಯಾಕೆ ಯಾರೂ ಬರಲ್ಲ ಅತ್ತೆ?"

"ಚಳೀಲೂ ದಿನವೆಲ್ಲಾ ನೀರಲ್ಲಿ ಕೈ ಇಡ್ಬೇಕು. ಯಾರಿಗೆ ಬೇಕು ಹೇಳು?" ಅತ್ತೆ ಊದಿದ ಬೆರಳು ತೋರಿಸಿ, ಮತ್ತೆ ಬಾಚಣಿಗೆ ಹಿಡಿದರು.

ಮಾರನೆಯ ದಿನ ಯಾನ್‌ಚೂ ಕ್ಲಾಸಿನಲ್ಲಿ ಗಾಜಿನ ಲೋಟಕ್ಕೆ ನೀರು ತುಂಬಿದಳು.

"ಮೂಲಂಗಿ ಅಡುಗೆ ಮಾಡ್ತಿದೆ!" ಅಂದ ಕೈವೆನ್. ಕೆಲವರು ಕಿಸಕ್ಕನೆ ನಕ್ಕರು.

ಅವಳು ಅಜ್ಜಿ ಕೊಟ್ಟ ಹೊಸ ಕುಂಚ ಅದ್ದಿದಳು. ಅಜ್ಜಿಯ ಹಾಗೆಯೇ ನಿಧಾನವಾಗಿ ಮೇಲೆತ್ತಿದಳು. ಕೂದಲೆಲ್ಲ ಸೇರಿ, ಸಣ್ಣಗಾಗುತ್ತಾ ಸಣ್ಣಗಾಗುತ್ತಾ ತುದಿ ಮುಟ್ಟಿದವು. ನಗು ನಿಂತಿತು. ಹಿಂದಿನ ಬೆಂಚಿನವರು ಎದ್ದು ನಿಂತು ಇಣುಕಿದರು. ಕೈವೆನ್ ಅಂತೂ ಬಾಯಿ ಮುಚ್ಚುವುದನ್ನೇ ಮರೆತ.

"ಇದು ಟೇಪರ್" ಅಂದಳು ಯಾನ್‌ಚೂ. ಬೋರ್ಡಿನ ಮೇಲೆ ಚೂಪು ಅನ್ನುವ ಅಕ್ಷರವನ್ನೂ ಬರೆದು ತೋರಿಸಿದಳು.

ಫಾಂಗ್ ಮಿಸ್ ಆ ಅಕ್ಷರವನ್ನೇ ಸ್ವಲ್ಪ ಹೊತ್ತು ನೋಡಿದರು. "ಇಷ್ಟು ವರ್ಷದಿಂದ ಪಾಠ ಮಾಡ್ತಿದ್ದೀನಿ, ನನಗೇ ಹೊಳೆದಿರ್ಲಿಲ್ಲ! ಸರಿ, ಈಗ ಡ್ವಿಂಡಲ್‌ಗೂ ಒಂದು ವಾಕ್ಯ ಹೇಳು."

ಯಾನ್‌ಚೂ ಇಂಗ್ಲಿಷಿನಲ್ಲಿ, ಒಂದೊಂದೇ ಪದವಾಗಿ ಹೇಳಿದಳು. "ನನ್ನ ಅಜ್ಜಿಯ ಜೊತೆ ನಲವತ್ತು ಜನ ಕುಂಚ ಮಾಡುತ್ತಿದ್ದರು. ಅವರು ಡ್ವಿಂಡಲ್ ಆದರು. ಈಗ ನಾಲ್ಕು ಜನ ಇದ್ದಾರೆ."

ಯಾರೂ ನಗಲಿಲ್ಲ.

"ಸರಿಯಾಗಿದೆ. ಟೀಮಿನ ಜಾಗ ನಿನ್ನದೇ" ಅಂದರು ಮಿಸ್, ಮೆಲ್ಲಗೆ.

ಯಾನ್‌ಚೂಗೆ ಕುಣಿಯುವಷ್ಟು ಖುಷಿಯಾಗಬೇಕಿತ್ತು. ಖುಷಿ ಆಯಿತು ಕೂಡ. ಆದರೆ ಆ ವಾಕ್ಯ ಸರಿಯಾಗದೆ ಇದ್ದಿದ್ದರೇ ಚೆನ್ನಾಗಿತ್ತು ಅಂತಲೂ ಅನ್ನಿಸಿತು.

ಬೆಲ್ ಆದ ಮೇಲೆ ಕೈವೆನ್ ಅವಳ ಡೆಸ್ಕಿನ ಹತ್ತಿರ ಬಂದ. ಕುಂಚವನ್ನು ಮುಟ್ಟಲೋ ಬೇಡವೋ ಅನ್ನುವಂತೆ ಬೆರಳು ಚಾಚಿದ.

"ಲೇ, ಇದನ್ನ ಹೆಂಗೆ ಮಾಡ್ತಾರೆ ಅಂತ ನಾನೂ ನೋಡ್ಬೋದಾ?"

"ಬಾ. ಅಜ್ಜಿ ಏನೂ ಅನ್ನಲ್ಲ."

"ಸರಿ. ಯಾವತ್ತಾದ್ರೂ ಬರ್ತೀನಿ. ರಜಾ ಬರ್ಲಿ."

ಹೂಂ ಅನ್ನಲು ಹೋದವಳಿಗೆ ಗೋಡೆಯ ಪಕ್ಕ ಬೋರಲಾಗಿದ್ದ ಬೋಗುಣಿಗಳು ನೆನಪಾದವು.

"ರಜಾ ತನಕ ಬೇಡ ಕಣೋ" ಅಂದಳು ಯಾನ್‌ಚೂ. "ಇವತ್ತೇ ಬಾ."