ಮೆನುವಿನಿಂದ ಮರೆಯಾದ ಹೆಸರು

"ಯಾವೋರ್ ಅಂದ್ರೆ ನೀವೇನಾ?"

ಚೀಸ್ ತುಂಬಿದ ಬಾನಿತ್ಸಾದ ತುಂಡನ್ನು ಬಾಯಿಗಿಡಲು ಹೊರಟವನು ಹಾಗೇ ನಿಂತ. ಎದುರಿಗಿದ್ದ ಹುಡುಗಿಯ ಕಣ್ಣಲ್ಲಿ ಕಿಡಿ!

"ಹೌದು... ನೀವು?"

"ರಾಲಿತ್ಸಾ. ನೀವು ಕಿತ್ತುಹಾಕಿದ ಮೆನು ಫೈಲಿನ ರಾಲಿತ್ಸಾ!"

ಅವನ ಮುಖ ಅರಳಿತು. ಎರಡು ವರ್ಷದಿಂದ ಬರೀ ಸಂದೇಶಗಳಲ್ಲಿ ಕಂಡವಳು ಎದುರಿಗೇ! "ಓಹ್, ಹೌದು! ನಾನೇ ತೆಗ್ದಿದ್ದು," ಎಂದು ನಕ್ಕ.

ನಗುತ್ತಾನೆ! ಅವಳಿಗೆ ಗಾಯದ ಮೇಲೆ ಬರೆ ಎಳೆದಂತಾಯಿತು. ಅವನು ಮುಂದೇನೋ ಹೇಳುವ ಮೊದಲೇ ಅವಳು ಲಿನಕ್ಸ್ ಬಳಗದ ಸಮ್ಮೇಳನ ನಡೆಯುತ್ತಿದ್ದ ಸಭಾಂಗಣದಿಂದ ಹೊರಬಿದ್ದಿದ್ದಳು.

ಇಷ್ಟಕ್ಕೂ ಅದೇನು ಮಹಾ ಆಸ್ತಿಯೇ? ಕಂಪ್ಯೂಟರಿಗೆ ಸಾಫ್ಟ್‌ವೇರ್ ಹಾಕಿಕೊಂಡ ಮೇಲೆ ಮೆನುವಿನಲ್ಲಿ ಅದರ ಹೆಸರು, ಚಿತ್ರ ಕಾಣಬೇಕಲ್ಲ, ಅದಕ್ಕೊಂದು ಪುಟ್ಟ ಫೈಲು. ನೇಯ್ಗೆಯ ವಿನ್ಯಾಸ ಬಿಡಿಸುವ ಸಾಫ್ಟ್‌ವೇರೊಂದಕ್ಕೆ ಅದನ್ನು ಬರೆದವಳು ರಾಲಿತ್ಸಾ. ಕಂಪ್ಯೂಟರ್ ನಡೆಸುವ ಲಿನಕ್ಸ್‌ನಲ್ಲಿ ಹತ್ತಾರು ಬಗೆ. ಸಾಫ್ಟ್‌ವೇರನ್ನು ಸುಲಭವಾಗಿ ಹಾಕಿಕೊಳ್ಳುವಂತೆ ಒಂದು ಬಗೆಗೆ ಪ್ಯಾಕೇಜ್ ಕಟ್ಟುವವಳು ಅವಳು, ಇನ್ನೊಂದಕ್ಕೆ ಯಾವೋರ್. ಸಂಬಳವಿಲ್ಲ, ಸನ್ಮಾನವೂ ಇಲ್ಲ. ಅವಳ ಫೈಲನ್ನೇ ಅವನೂ ಬಳಸುತ್ತಿದ್ದ, ಮೇಲಿದ್ದ ಅವಳ ಹೆಸರನ್ನು ಹಾಗೇ ಉಳಿಸಿ.

ಪ್ಲೊವ್ದಿವ್ ನಗರದ ಕಟ್ಟಡವೊಂದರ ಏಳನೇ ಮಹಡಿಯಲ್ಲಿ ಒಬ್ಬಳೇ ಇರುವವಳು. ಭಾನುವಾರವಿಡೀ ಅವಳ ಹೆಸರು ಹಿಡಿದು ಕರೆಯುವವರಿರಲಿಲ್ಲ. ಮಾತೇ ಆಡದೆ ಮಲಗಿದ ದಿನಗಳೂ ಇದ್ದವು. ಅಂಥದ್ದರಲ್ಲಿ, 'ಚಿತ್ರ ಕೂದಲೆಳೆಯಷ್ಟು ಎಡಕ್ಕಿದೆ, ನೋಡ್ತೀರಾ?' ಎಂದು ಯಾವೋರ್ ಬರೆದರೆ ಸಾಕು, ಒಬ್ಬಳಿಗಾಗಿ ಅಡುಗೆ ಮಾಡಲೂ ಮನಸ್ಸಾಗುತ್ತಿತ್ತು!

ಹೋದ ತಿಂಗಳು ಅವನದೇ ಟಿಪ್ಪಣಿ: 'ರಾಲಿತ್ಸಾ ಬರೆದ ಮೆನು ಫೈಲ್ ತೆಗೆದಿದ್ದೇನೆ. ಇನ್ನು ಬೇಕಿಲ್ಲ.'

'ನಾನೂ ಬೇಕಿಲ್ಲ...' ಎಂದೇ ಅವಳು ಓದಿಕೊಂಡಳು. ಆಮೇಲೆ ಆ ಸಾಫ್ಟ್‌ವೇರಿನ ಹೊಸ ಆವೃತ್ತಿಯನ್ನು ತೆರೆದೂ ನೋಡಲಿಲ್ಲ.

ಈಗ ಹೊರಗೆ ಮೆಟ್ಟಿಲ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು. ನೋಡಿಕೊಳ್ಳುವವರು ಕೈಬಿಟ್ಟ ಪ್ಯಾಕೇಜಿಗೆ ಈ ಬಳಗದಲ್ಲಿ 'ಅನಾಥ' ಎಂದು ಗುರುತು ಹಾಕುತ್ತಾರೆ. ತನ್ನವೆಲ್ಲಕ್ಕೂ ಹಾಗೆ ಗುರುತು ಹಾಕಿ ಹೋಗಿಬಿಡುತ್ತೇನೆ... ನಾನು ಹೋದೆ ಅಂತ ಯಾರಿಗೆ ಗೊತ್ತಾದೀತು? ತನ್ನ ಪ್ಯಾಕೇಜುಗಳ ಪಟ್ಟಿ ತೆರೆದು ಎಲ್ಲವನ್ನೂ ಆರಿಸಿದಳು.

"ನಿಲ್ಸಿ!"

ಏದುಸಿರು ಬಿಡುತ್ತಾ ಬಂದ ಯಾವೋರ್ ಹಿಂದಿನಿಂದಲೇ ಪರದೆ ಕಂಡಿದ್ದ. ತಟ್ಟೆ ಇನ್ನೂ ಕೈಯಲ್ಲೇ ಇತ್ತು.

"ಅನಾಥ ಮಾಡ್ತಿದ್ದೀರಾ? ಯಾಕ್ರೀ?"

"ಬೇಕಿಲ್ಲ ಅಂದ್ರಲ್ಲ!"

"ಅಯ್ಯೋ ಮಾರಾಯ್ತಿ! ನನ್ನ ಪ್ಯಾಕೇಜಿಗೆ ಬೇಕಿಲ್ಲ ಅಂದೆ. ನಿಮ್ಮ ಫೈಲನ್ನ ಆ ಸಾಫ್ಟ್‌ವೇರ್ ಬರೆಯೋರಿಗೇ ಕಳಿಸ್ದೆ, ಅವ್ರು ಸೇರಿಸ್ಕೊಂಡ್ರು. ಇನ್ಮೇಲೆ ಎಲ್ಲ ಲಿನಕ್ಸಿಗೂ ಅಲ್ಲಿಂದ್ಲೇ ಬರುತ್ತೆ. ನಾನೂ ಒಂದು ಇಟ್ಕೊಂಡ್ರೆ ಎರಡೂ ಜಗಳ ಆಡ್ತವೆ, ಅದಕ್ಕೇ ತೆಗ್ದೆ. ಹೊಸದನ್ನ ತೆರೆದು ನೋಡಿ!"

ತೆರೆದಳು. ಅವಳದೇ ಫೈಲು, ಮೇಲೆ ಅವಳದೇ ಹೆಸರು. ಯಾವ್ಯಾವ ಊರಿನ ಯಾರ್ಯಾರ ಕಂಪ್ಯೂಟರಿಗೋ ಹೊರಟು ನಿಂತಿತ್ತು. ಕಣ್ಣು ತುಂಬಿ ಅಕ್ಷರಗಳು ಮಸುಕಾದವು.

"ಒಂದು ಮಾತು ಮೊದಲೇ ಹೇಳ್ಬಾರ್ದಿತ್ತಾ?"

"ಇವತ್ತು ಎದುರಿಗೇ ಹೇಳೋಣ ಅಂತಿದ್ದೆ... ಧೈರ್ಯ ಬರ್ಲಿ ಅಂತ ತಿಂತಾ ನಿಂತಿದ್ದೆ."

ಅವಳಿಗೆ ಅಳುವಿನಲ್ಲೂ ನಗು ಬಂತು. ಅವನು ಒಂದು ಮೆಟ್ಟಿಲು ಕೆಳಗೆ ಕೂತ.

"ಇನ್ನೊಂದು ತಪ್ಪೂ ಒಪ್ಕೋಬೇಕು. ಚಿತ್ರ ಎಡಕ್ಕಿದೆ ಅಂದಿದ್ನಲ್ಲ... ಇರ್ಲಿಲ್ಲ. ನೀವು ಉತ್ತರ ಬರೀಲಿ ಅಂತ ಹಾಗಂದೆ."

"ಏನು? ನಾನು ಅದನ್ನ ಬಲಕ್ಕೆ ಸರಿಸಿದ್ನಲ್ರೀ!"

"ಹ್ಞೂಂ... ಅದಾದ್ಮೇಲೆ ನಿಜವಾಗ್ಲೂ ಓರೆ ಆಯ್ತು."

"ಮತ್ತೆ ಸುಮ್ನಿದ್ರಾ?"

"ಪ್ಯಾಕೇಜಿಂದ ತೆಗೆದ್ರೂ ನನ್ನ ಕಂಪ್ಯೂಟರಲ್ಲಿ ಇವತ್ತಿಗೂ ಆ ಓರೆ ಚಿತ್ರಾನೇ ಇದೆ, ರಾಲಿತ್ಸಾ. ನಾನು ಕೇಳ್ದೆ ಅಂತ ನೀನು ಸರಿಸಿದ್ದು... ಅದನ್ನ ಹೇಗೆ ತೆಗೀಲಿ?"

ಅವಳು ಮೆಲ್ಲನೆ ಲ್ಯಾಪ್‌ಟಾಪ್ ಮುಚ್ಚಿದಳು. ಯಾವುದೂ ಅನಾಥವಾಗಲಿಲ್ಲ.

"ಯಾವೋರ್..."

"ಹೇಳು."

"ಇನ್ನೊಂದ್ಸಲ ಹೆಸರು ಹಿಡಿದು ಕರಿ."